ಸಾಲ ತೀರಿಸಿ ಹೋದನಾ ಕುಳ್ಳ?

2024ರ ಏಪ್ರಿಲ್ 16, ಮಂಗಳವಾರ. ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಫೋನ್ ನೋಡ್ತಾ ಕೂತಿದ್ದೆ. ದ್ವಾರಕೀಶ್ ಹೋದರು ಅಂತ ಒಂದರ ಹಿಂದೊಂದು ಮೆಸೇಜ್ ಬರತೊಡಗಿದವು. ಚಿಕ್ಕಪ್ಪ ಪಕ್ಕದ ಆರಾಮ ಕುರ್ಚಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನಿಗೆ ಈಗ ಕಿವಿ ಮಂದ. ಕೂಗಿಯೇ ಹೇಳಬೇಕು.

"ಚಿಕ್ಕಪ್ಪಾ, ದ್ವಾರಕೀಶ್ ತೀರ್ಕೊಂಡ್ರಂತೆ."

"ಯಾರು?"

"ಕುಳ್ಳ. ಸಿನಿಮಾದ ಕುಳ್ಳ."

ಸುಣ್ಣದ ಬೆರಳು ಹಾಗೇ ನಿಂತಿತು. ಪ್ರಾಯ ಎಷ್ಟಾಗಿತ್ತು ಅಂದ. 81 ಅಂದೆ. ನನಗಿಂತ ದೊಡ್ಡೋನು ಹಾಗಾದ್ರೆ ಅಂತ ಎಲೆ ಮಡಚಿ ಬಾಯಿಗಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಅಂಗಳದ ಕಡೆ ನೋಡ್ತಾ ಕೇಳಿದ, "ಸಾಲ ಎಲ್ಲ ತೀರಿಸಿ ಹೋದ್ನಾ ಮಾರಾಯ?"

ಕೇಳಿದವರಿಗೆ ಇದು ಒರಟು ಅನ್ನಿಸಬಹುದು. ಒಬ್ಬ ದೊಡ್ಡ ನಟ ತೀರಿಕೊಂಡಾಗ ಕೇಳೋ ಮಾತಾ ಇದು? ಅದರಲ್ಲೂ ಏಕವಚನ ಬೇರೆ. ಏಕವಚನದ ವಿಷಯ ಬಿಡಿ. ನಮ್ಮ ಮನೆಯಲ್ಲಿ ರಾಜ್‌ಕುಮಾರ್ ಅಂದ್ರೆ ಅಣ್ಣಾವ್ರು, ಬಹುವಚನ. ಕುಳ್ಳ ಮಾತ್ರ ಮೊದಲಿನಿಂದ ಏಕವಚನ, ಮನೆಯ ಹುಡುಗನ ಹಾಗೆ. ಸಾಲದ ಮಾತಿಗೆ ಬೇರೆ ಕಾರಣವಿದೆ. ಚಿಕ್ಕಪ್ಪನೂ ಒಂದು ಕಾಲಕ್ಕೆ ಸಿನಿಮಾಕ್ಕೆ ದುಡ್ಡು ಹಾಕಿದವನು. ಸಿನಿಮಾ ಮಾಡೋದಕ್ಕಲ್ಲ, ತೋರಿಸೋದಕ್ಕೆ. ಟೂರಿಂಗ್ ಟಾಕೀಸಿನಲ್ಲಿ ಅರ್ಧ ಪಾಲು.

ಅವನ ಟೆಂಟಿನ ಕಥೆಗೆ ಆಮೇಲೆ ಬರ್ತೀನಿ. ಮೊದಲು ಕುಳ್ಳನ ಕಥೆ. ಅವತ್ತು ಸಂಜೆಯವರೆಗೆ ಟಿವಿಯಲ್ಲಿ 'ಹಾಸ್ಯ ನಟ, ಹಾಸ್ಯ ನಟ' ಅಂತಲೇ ಹೇಳಿದರು. ಅದು ಸುಳ್ಳಲ್ಲ. ಆದ್ರೆ ಅರ್ಧ ಮಾತ್ರ. ನಗಿಸೋದು ಆ ಮನುಷ್ಯನ ಸಂಬಳದ ಕೆಲಸ. ಆ ಸಂಬಳವನ್ನೆಲ್ಲ ತಗೊಂಡು ಹೋಗಿ ಸುರಿದದ್ದು ನಿರ್ಮಾಣಕ್ಕೆ. ಚಿಕ್ಕಪ್ಪನಿಗೆ ಗೊತ್ತಿದ್ದದ್ದು ಆ ಇನ್ನರ್ಧದ ಕುಳ್ಳ.

ದ್ವಾರಕೀಶ್ ಹುಟ್ಟಿದ್ದು 1942ರ ಆಗಸ್ಟ್ 19ರಂದು, ಹುಣಸೂರಿನಲ್ಲಿ. ಪೂರ್ತಿ ಹೆಸರು ಬಂಗ್ಲೆ ಶಾಮರಾವ್ ದ್ವಾರಕಾನಾಥ್. ಓದಿದ್ದು ಮೈಸೂರಿನಲ್ಲಿ, ಸಿ.ಪಿ.ಸಿ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ. ಆಮೇಲೆ ಅಣ್ಣನ ಜೊತೆ ಸೇರಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿ, ಹೆಸರು ಭಾರತ್ ಆಟೋ ಸ್ಪೇರ್ಸ್. ಅಲ್ಲೇ ಕೂತಿದ್ದರೆ ಮೈಸೂರಿನಲ್ಲಿ ನಾಲ್ಕು ಮನೆ ಕಟ್ಟಿಸಿ ಆರಾಮಾಗಿ ಇರಬಹುದಿತ್ತು. ಆದ್ರೆ ಸೋದರಮಾವ ಹುಣಸೂರು ಕೃಷ್ಣಮೂರ್ತಿ ಸಿನಿಮಾದವರು. ಅವರು ನಿರ್ದೇಶಿಸಿದ 'ವೀರಸಂಕಲ್ಪ'ದಲ್ಲಿ 1964ರಲ್ಲಿ ಅಳಿಯ ಮುಖ ತೋರಿಸಿದ. ಅಲ್ಲಿಗೆ ಅಂಗಡಿ ಮುಗಿಯಿತು.

ನೋಡಿ, ಸಿನಿಮಾಕ್ಕೆ ಬಂದ ಎರಡೇ ವರ್ಷಕ್ಕೆ ಈ ಹುಡುಗ ಪಾಲುದಾರಿಕೆಯಲ್ಲಿ ಸಿನಿಮಾ ತೆಗೆದ. 'ಮಮತೆಯ ಬಂಧನ', 1966. ಸಾಮಾನ್ಯವಾಗಿ ಹಾಸ್ಯ ನಟನಾದವನು ಹತ್ತು ಹದಿನೈದು ವರ್ಷ ದುಡಿದು, ಕೈಯಲ್ಲಿ ಒಂದಿಷ್ಟು ಕಾಸು ಸೇರಿದ ಮೇಲೆ ಇಂಥ ಕೆಲಸಕ್ಕೆ ಇಳಿಯುತ್ತಾನೆ. ಇವನಿಗೆ ಅಷ್ಟು ತಾಳ್ಮೆ ಎಲ್ಲಿತ್ತು! ಇನ್ನು ಮೂರು ವರ್ಷಕ್ಕೆ, ಅಂದ್ರೆ 27ನೇ ವಯಸ್ಸಿಗೆ, ರಾಜ್‌ಕುಮಾರ್ ಅವರ ಕಾಲ್‌ಶೀಟ್ ತಗೊಂಡು 'ಮೇಯರ್ ಮುತ್ತಣ್ಣ' ತೆಗೆದರು. ನಿರ್ದೇಶನ ಕೊಟ್ಟಿದ್ದು ಸಿದ್ದಲಿಂಗಯ್ಯನವರಿಗೆ. ನಮ್ಮ ಪಕ್ಕದ ತರೀಕೆರೆಯವರು, ಅವರಿಗೆ ಅದೇ ಮೊದಲ ನಿರ್ದೇಶನ. ಆಮೇಲೆ ಅವರು 'ಭೂತಯ್ಯನ ಮಗ ಅಯ್ಯು' ತೆಗೆದು ಎಂಥ ಹೆಸರು ಮಾಡಿದರು ಅನ್ನೋದು ಎಲ್ಲರಿಗೂ ಗೊತ್ತು. ನಾಡಿನ ಅತಿ ದೊಡ್ಡ ನಟನನ್ನು ಒಬ್ಬ ಹೊಸ ನಿರ್ದೇಶಕನ ಕೈಗೆ ಕೊಟ್ಟು, ಹಿಂದೆ ನಿಂತು ದುಡ್ಡು ಹಾಕಿದ್ದು 27 ವರ್ಷದ ಒಬ್ಬ ಕುಳ್ಳ. ಅವತ್ತು ಯಾರಾದ್ರೂ ಇದನ್ನ ಬುದ್ಧಿವಂತಿಕೆ ಅಂದಿರ್ತಾರಾ? ನನಗಂತೂ ಅನುಮಾನ. 1977ರಲ್ಲಿ ಮತ್ತೆ ಅದನ್ನೇ ಮಾಡಿದರು. ರಾಜ್‌ಕುಮಾರ್ ಅವರ 'ಭಾಗ್ಯವಂತರು' ಭಾರ್ಗವ ಅವರಿಗೆ ಮೊದಲ ನಿರ್ದೇಶನ.

ಆ ಹೆಸರಿನ ವಿಷಯ ನನಗೆ ತುಂಬಾ ಇಷ್ಟ. ಕುಳ್ಳ ಅಂದ್ರೆ ಶಾಲೆಯಲ್ಲಿ ಬೈಗುಳ. ನನ್ನ ಕ್ಲಾಸಿನಲ್ಲೂ ಒಬ್ಬನಿದ್ದ, ಹಾಗೆ ಕರೆದರೆ ಕಲ್ಲು ಎತ್ತಿಕೊಳ್ಳುತ್ತಿದ್ದ. ದ್ವಾರಕೀಶ್ ಏನು ಮಾಡಿದರು? ಅದನ್ನೇ ಪೋಸ್ಟರ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದರು. 'ಕುಳ್ಳ ಏಜೆಂಟ್ 000', 'ಕಳ್ಳ ಕುಳ್ಳ', 'ಸಿಂಗಾಪೂರ್‌ನಲ್ಲಿ ರಾಜಾಕುಳ್ಳ', 'ಕುಳ್ಳ ಕುಳ್ಳಿ', 'ಪ್ರಚಂಡ ಕುಳ್ಳ'. ಬೈಗುಳವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡವರು ಕನ್ನಡದಲ್ಲಿ ಇನ್ಯಾರಿದ್ದಾರೆ? 1972ರ ಏಜೆಂಟ್ ಸಿನಿಮಾದಲ್ಲಿ ಅವರೇ ಹೀರೋ. ಪತ್ತೇದಾರ, ಕೈಯಲ್ಲಿ ಪಿಸ್ತೂಲು, ಪಕ್ಕದಲ್ಲಿ ಹೀರೋಯಿನ್. ಅದಕ್ಕೆ 'ಆಡು ಆಟ ಆಡು' ಹಾಡೋಕೆ ಕರೆಸಿದ್ದು ಕಿಶೋರ್ ಕುಮಾರ್ ಅವರನ್ನ. ಸಂಗೀತ ರಾಜನ್-ನಾಗೇಂದ್ರ. ಆ ಹಾಡನ್ನ ಇವತ್ತಿಗೂ ನಮ್ಮ ಕಡೆ ಮದುವೆ ಮನೆ ಆರ್ಕೆಸ್ಟ್ರಾದವರು ಬಿಟ್ಟಿಲ್ಲ. ಕಿಶೋರ್ ಕನ್ನಡ ಉಚ್ಚಾರಣೆ ಒಂಥರಾ ಇದೆ, ಅದೇ ಅದರ ಮಜಾ.

ಕಿಶೋರ್ ಕೂಡ ನಗಿಸೋ ನಟ, ಅವರೂ ನಿರ್ಮಾಪಕ. ನಮ್ಮ ನರಸಿಂಹರಾಜು ಕೂಡ ದುಡ್ಡು ಹಾಕಿ 'ಪ್ರೊಫೆಸರ್ ಹುಚ್ಚುರಾಯ' ತೆಗೆದವರೇ. ಬಾಲಕೃಷ್ಣ ಅಂತೂ ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋನೇ ಕಟ್ಟಲು ಹೊರಟರು. ನಗಿಸುವವರಿಗೇ ಯಾಕೆ ಈ ಹುಚ್ಚು ಅಂತ ಬಹಳ ಸಲ ಯೋಚಿಸಿದ್ದೀನಿ. ನನಗೆ ತೋಚಿದ್ದು ಇಷ್ಟು. ಹಾಸ್ಯ ನಟನಿಗೆ ಬೇರೆಯವರ ಸಿನಿಮಾದಲ್ಲಿ ಎಷ್ಟೇ ಚಪ್ಪಾಳೆ ಬಿದ್ದರೂ ಕೊನೇ ರೀಲಿನಲ್ಲಿ ಫೋಟೋ ತೆಗೆಯೋವಾಗ ಅವನು ಪಕ್ಕದಲ್ಲಿ ನಿಲ್ಲಬೇಕು. ನಡುವೆ ನಿಲ್ಲಬೇಕು ಅಂದ್ರೆ ಸಿನಿಮಾ ಅವನದೇ ಆಗಬೇಕು. (ನಗಿಸೋದನ್ನೇ ಕಸುಬು ಮಾಡಿಕೊಂಡು ಇಂಥ ಉಸಾಬರಿಗೆ ಹೋಗದವರೂ ಇದ್ದಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದ ದೊಡ್ಡಣ್ಣನವರನ್ನ ನಮ್ಮ ಜಿಲ್ಲೆಯವರು ಇವತ್ತಿಗೂ ನಮ್ಮ ಮನೆಯವರು ಅಂತಲೇ ಹೇಳ್ತಾರೆ.)

ನಾನು ಕುಳ್ಳನನ್ನ ಮೊದಲು 'ನೋಡಿದ್ದು' ಪರದೆ ಮೇಲೆ ಅಲ್ಲ. ಅಡಿಕೆ ಸುಲಿಯುವ ರಾತ್ರಿಯಲ್ಲಿ. ಮಲೆನಾಡಿನವರಿಗೆ ಇದು ಹೇಳಬೇಕಾಗಿಲ್ಲ. ಅಡಿಕೆ ಗೊನೆಯ ಕೊಯ್ಲು ಶುರುವಾದ್ರೆ ಅಂಗಳದ ಚಪ್ಪರದ ಕೆಳಗೆ ಹಸಿ ಅಡಿಕೆಯ ರಾಶಿ, ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಹತ್ತಿಪ್ಪತ್ತು ಜನ, ನಡುವೆ ಒಂದು ಗ್ಯಾಸ್‌ಲೈಟು, ಪಕ್ಕದ ಒಲೆಯಲ್ಲಿ ಹಂಡೆ ತುಂಬ ಬೇಯುತ್ತಿರುವ ಅಡಿಕೆಯ ಚೊಗರು ವಾಸನೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಹನ್ನೊಂದು ಗಂಟೆ ದಾಟಿದ ಮೇಲೆ ನಿದ್ದೆ ತಡೆಯೋಕೆ ಯಾರಾದ್ರೂ ಸಿನಿಮಾ ಕಥೆ ಹೇಳಲೇಬೇಕು. ನಮ್ಮಲ್ಲಿ ಸುಲಿಯೋಕೆ ಬರ್ತಿದ್ದವರಲ್ಲಿ ಒಬ್ಬರು ಭಾರೀ ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸದೆ ಬರೋಕಾಗಲ್ಲ. ಕಥೆ ಹೇಳೋದು ಅವರೇ. ಹೇಳೋದೇನು, ಆಡಿ ತೋರಿಸೋದು. ವಿಷ್ಣುವರ್ಧನ್ ಭಾಗ ಬಂದಾಗ ನಿಂತುಕೊಂಡು ಎಡಗೈ ಎತ್ತಿ ಕಡಗ ತಿರುಗಿಸಿದ ಹಾಗೆ ಮಾಡ್ತಿದ್ದರು. ಕುಳ್ಳನ ಭಾಗ ಬಂತು ಅಂದ್ರೆ ದಡಕ್ಕನೆ ಮೊಣಕಾಲೂರಿ, ಅಡಿಕೆ ಸಿಪ್ಪೆಯ ಮೇಲೆ ಮೊಣಕಾಲಲ್ಲೇ ನಡೀತಾ, ಕಣ್ಣು ಗುಂಡಗೆ ಮಾಡಿ, ಗಂಟಲು ಏರಿಸಿ ಕೂಗೋರು. ಅಮ್ಮ, ಅತ್ತೆ ಎಲ್ಲ ಬಿದ್ದು ಬಿದ್ದು ನಗ್ತಿದ್ದರು. ಕೊನೆಗೆ ಎದ್ದು ಪಂಚೆ ಕೊಡವಿದರೆ ಎರಡೂ ಮೊಣಕಾಲಿನ ಹತ್ತಿರ ಚೊಗರಿನ ಕೆಂಪು ಕಲೆ. ಆಮೇಲೆ ನಿಜವಾದ ದ್ವಾರಕೀಶ್ ಅವರನ್ನ ಪರದೆಯಲ್ಲಿ ನೋಡಿದಾಗ ನನಗೆ ಸ್ವಲ್ಪ ಬೇಸರವೇ ಆಯ್ತು. ಇವರು ಮೊಣಕಾಲಲ್ಲಿ ನಡೆಯೋದೇ ಇಲ್ಲವಲ್ಲ ಅಂತ!

ಅವರ ನಟನೆ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಒಬ್ಬರೇ ಇದ್ದಾಗ ಅವರು ಸ್ವಲ್ಪ ಜಾಸ್ತಿ ಮಾಡ್ತಾರೆ. ಕಿರುಚಾಟ ಜಾಸ್ತಿ. ಆದ್ರೆ ಪಕ್ಕದಲ್ಲಿ ವಿಷ್ಣುವರ್ಧನ್ ನಿಂತರೆ ಸಾಕು, ಎಲ್ಲ ಸರಿಹೋಗುತ್ತೆ. ಇವನು ಎರಡು ಹೆಜ್ಜೆ ಹಾಕಿದರೆ ಅವನದು ಒಂದು ಹೆಜ್ಜೆ. ಇವನು ತಲೆ ಎತ್ತಿ ಮಾತಾಡಬೇಕು, ಅವನು ತಲೆ ತಗ್ಗಿಸಿ ಕೇಳಬೇಕು. ಮಾತೇ ಇಲ್ಲದೆ ನಗು ಬರುತ್ತೆ. ಆ ಜೋಡಿಯ ಅರ್ಧ ಹಾಸ್ಯ ಬರೀ ಅಳತೆಯಲ್ಲೇ ಇದೆ. ಇನ್ನೊಂದು ಮಾತು, ಅವರ ಗೆದ್ದ ಸಿನಿಮಾಗಳಲ್ಲಿ ಬಹುಪಾಲು ರೀಮೇಕು. 'ಕಿಟ್ಟು ಪುಟ್ಟು' ಬೇರೆ ಭಾಷೆಯಿಂದ ಬಂದದ್ದು, 'ಗುರು ಶಿಷ್ಯರು' ಕೂಡ ಹಾಗೇ. ಸ್ವಂತ ಕಥೆ ಬೇಕು ಅಂತ ವಾದ ಮಾಡೋರ ಮುಂದೆ ನಾನು ಇವರ ಪರ ನಿಲ್ಲಲ್ಲ. ಆದ್ರೆ ಟೆಂಟಿನ ನೆಲದಲ್ಲಿ ಕೂತವರು ಯಾವತ್ತೂ ಅದನ್ನ ಕೇಳಲಿಲ್ಲ.

ಈಗ ಟೆಂಟು. ನಮ್ಮೂರಿಂದ ನಾಲ್ಕು ಮೈಲಿ ದೂರದ ಪೇಟೆಯಲ್ಲಿ ದೀಪಾವಳಿ ಕಳೆದ ಮೇಲೆ ಟೆಂಟು ಹಾಕ್ತಿದ್ದರು, ಮೇ ಕೊನೆಗೆ ಬಿಚ್ಚುತ್ತಿದ್ದರು. ನಮ್ಮ ಮಳೆಯಲ್ಲಿ ಡೇರೆ ನಿಲ್ಲಲ್ಲ. 1982ರಲ್ಲಿ ಚಿಕ್ಕಪ್ಪ ಆ ವರ್ಷದ ಅಡಿಕೆ ದುಡ್ಡಿನಲ್ಲಿ ಅದರ ಅರ್ಧ ಪಾಲಿಗೆ ಸೇರಿದ. ಅಜ್ಜ ಒಂದು ವಾರ ಅವನ ಜೊತೆ ಮಾತಾಡಲಿಲ್ಲ. ಒಂದೇ ಪ್ರೊಜೆಕ್ಟರು, ಹಾಗಾಗಿ ಪ್ರತೀ ರೀಲ್ ಮುಗಿದಾಗ ದೀಪ ಹಾಕಿ ಬದಲಾಯಿಸಬೇಕು, ಜನ ಸಿಳ್ಳೆ ಹೊಡೆಯಬೇಕು. ಕರೆಂಟ್ ಹೋದ್ರೆ ಜನರೇಟರು. ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ನೆಲ ಅಂದ್ರೆ ನಿಜವಾಗಲೂ ನೆಲ, ಮರಳು ಹಾಕಿದ ನೆಲ. ಹೆಂಗಸರಿಗೆ ಗಂಡಸರಿಗೆ ನಡುವೆ ಒಂದು ಹಗ್ಗ. ಸಂಜೆ ಮೈಕಿನಲ್ಲಿ ವೆಂಕಟರಮಣನ ಹಾಡು ಬಂತು ಅಂದ್ರೆ ಟಿಕೆಟ್ ಶುರು ಅಂತ ಅರ್ಥ. ದೂರದ ಗುಡ್ಡದ ಮೇಲಿದ್ದವರಿಗೂ ಕೇಳುತ್ತಿತ್ತು, ದೊಂದಿ ಹಿಡ್ಕೊಂಡು ಗದ್ದೆ ಬದುವಿನ ಮೇಲೆ ಸಾಲಾಗಿ ಇಳಿದು ಬರ್ತಿದ್ದರು.

ಸಿನಿಮಾದ ಪೆಟ್ಟಿಗೆ ಶಿವಮೊಗ್ಗದಿಂದ ಬಸ್ಸಿನ ಟಾಪಿನ ಮೇಲೆ ಬರ್ತಿತ್ತು. ಪೆಟ್ಟಿಗೆ ಬಂತಾ ಇಲ್ವಾ ಅನ್ನೋದೇ ದಿನಾ ಚಿಂತೆ. ನಮ್ಮಂಥ ಟೆಂಟಿಗೆ ಹೊಸ ಪ್ರಿಂಟ್ ಯಾರು ಕೊಡ್ತಾರೆ? ಎಲ್ಲ ಊರು ಸುತ್ತಿ, ಗೆರೆ ಬಿದ್ದು, ಬಿಸಿಲಿನ ಸೀನಿನಲ್ಲೂ ಮಳೆ ಸುರಿಯೋ ಹಾಗೆ ಆದ ಮೇಲೆ ನಮಗೆ. ಆ ಸಲ 'ಸಿಂಗಾಪೂರ್‌ನಲ್ಲಿ ರಾಜಾಕುಳ್ಳ' ಬಂತು. 1978ರ ಸಿನಿಮಾ, ವಿದೇಶದಲ್ಲಿ ಶೂಟಿಂಗ್ ಮಾಡಿದ ಮೊದಲ ಕನ್ನಡ ಸಿನಿಮಾ. ತೀರ್ಥಹಳ್ಳಿ ದಾಟದವರು ನೆಲದಲ್ಲಿ ಕೂತು ಸಿಂಗಾಪುರ ನೋಡಿದರು. ಎಲ್ಲರೂ ಕಟ್ಟಡ ನೋಡಿ ಬಾಯಿಬಿಟ್ಟರೆ ಚಿಕ್ಕಪ್ಪ ಮಾತ್ರ ಪ್ರೊಜೆಕ್ಟರ್ ಪಕ್ಕ ನಿಂತು ಎಣಿಸುತ್ತಿದ್ದನಂತೆ. ಹೀರೋ, ಹೀರೋಯಿನ್, ಕ್ಯಾಮೆರಾದವರು, ಮೇಕಪ್ಪಿನವರು, ಇಷ್ಟು ಜನಕ್ಕೆ ವಿಮಾನದ ಟಿಕೆಟ್ಟು, ಊಟ, ಲಾಡ್ಜು. "ನಾಲ್ಕು ಸಾಮಾನು ಬಾಡಿಗೆಗೆ ತರೋಕೇ ನನಗೆ ಜೀವ ಹೋಗ್ತದೆ. ಈ ಪುಣ್ಯಾತ್ಮ ಎಲ್ಲಿಂದ ತಂದ ಅಷ್ಟು ದುಡ್ಡು?" ಅವನಿಗೆ ಕುಳ್ಳನ ಮೇಲೆ ಅಭಿಮಾನ ಶುರುವಾಗಿದ್ದು ಅಲ್ಲಿಂದ. ನಗಿಸಿದ್ದಕ್ಕಲ್ಲ.

ಎಲ್ಲಿಂದ ತಂದ ಅಂದ್ರೆ, ಸಾಲದಿಂದ. ಆ ಕಾಲದಲ್ಲಿ ನಿರ್ಮಾಪಕ ಅಂದ್ರೆ ದುಡ್ಡಿದ್ದವನು ಅಂತಲ್ಲ, ದುಡ್ಡು ಹುಟ್ಟಿಸೋನು. ಯಾವ ಹೀರೋ ಒಪ್ಪಿದ್ದಾನೆ ಅಂತ ತೋರಿಸಿ ಗಾಂಧಿನಗರದ ಹಂಚಿಕೆದಾರರ ಹತ್ತಿರ ಏರಿಯಾ ಲೆಕ್ಕದಲ್ಲಿ ಅಡ್ವಾನ್ಸ್ ತಗೋಬೇಕು. ಬೆಂಗಳೂರು-ಕೋಲಾರ-ತುಮಕೂರು ಸೇರಿ ಬಿ.ಕೆ.ಟಿ. ಒಂದು ಏರಿಯಾ, ಹೀಗೆ ರಾಜ್ಯವನ್ನೇ ತುಂಡು ಮಾಡಿ ಮಾರೋದು. ಅದು ಸಾಲದಿದ್ದರೆ ಫೈನಾನ್ಸಿನವರು, ಬಡ್ಡಿ ದಿನಾ ಓಡುತ್ತಿರುತ್ತದೆ. ಸಿನಿಮಾ ಗೆದ್ದರೆ ಸಾಲ ತೀರಿ ಒಂದು ಮನೆ ಬರುತ್ತೆ. ಸೋತರೆ ಆ ಮನೆ ಹೋಗುತ್ತೆ. ಇದನ್ನ ಅಡಿಕೆ ಬೆಳೆಗಾರನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲೇ ಅಡಿಕೆ ಮಂಡಿಯಿಂದ ಸಾಲ ತಂದು, ಮೈಲುತುತ್ತು ಸುಣ್ಣ ಕಲಸಿ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸಿ, ಆಮೇಲೆ ಆಕಾಶ ನೋಡ್ತಾ ಕೂರೋದು. ಒಂದು ಹದಿನೈದು ದಿನ ಮಳೆ ಬಿಡದೆ ಹೊಡೆದರೆ ಕೊಳೆ ಬಂದು ಎಳೆಕಾಯೆಲ್ಲ ಬುಡಕ್ಕೆ. ಮುಂದಿನ ವರ್ಷ ಮತ್ತೆ ಸಾಲ, ಮತ್ತೆ ಬೋರ್ಡೋ. ಬುದ್ಧಿ ಇದ್ದವರು ಮಾಡೋ ಕೆಲಸವಲ್ಲ, ಆದ್ರೂ ನಾವೆಲ್ಲ ಮಾಡ್ತಾ ಇದ್ದೀವಿ ಅಲ್ವಾ.

ಅದೇ ಸೀಸನ್ನಿನಲ್ಲಿ 'ಗುರು ಶಿಷ್ಯರು' ಬಂತು. ಅರಮನೆ ಕಥೆ, ಜೊತೆಗೆ ಒಂದು ಹಿಂಡು ಪೆದ್ದ ಶಿಷ್ಯರು. ಮೂರು ದಿನಕ್ಕೆ ತಂದ ಪೆಟ್ಟಿಗೆಯನ್ನ ಒಂಬತ್ತು ದಿನ ಇಟ್ಕೊಂಡರು. ಹಗ್ಗದ ಆಚೆ ಹೆಂಗಸರ ಕಡೆ ಜಾಗ ಸಾಲದೆ ಹಗ್ಗವನ್ನೇ ಈಚೆ ಸರಿಸಬೇಕಾಯ್ತಂತೆ. ಚಿಕ್ಕಪ್ಪ ಆ ವರ್ಷ ಅಜ್ಜನಿಗೆ ಒಂದು ರೇಡಿಯೋ ತಂದುಕೊಟ್ಟ. ಅಜ್ಜ ಮಾತಾಡಿದ.

ಮುಂದಿನ ಸೀಸನ್ನಿನ ಮಾರ್ಚ್ ಕೊನೆಗೆ ಒಂದು ಸಂಜೆ ಅಡ್ಡಮಳೆ, ಅದರ ಜೊತೆ ಗಾಳಿ. ಡೇರೆ ಹರಿದು ಪಕ್ಕದ ಮಾವಿನ ಮರಕ್ಕೆ ಸಿಕ್ಕಿಕೊಂಡಿತು, ಪರದೆ ಎರಡು ತುಂಡು. ಯಾರಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ. ಆದ್ರೆ ಬೆಳಗ್ಗೆ ಹೋಗಿ ನೋಡಿದರೆ ಪಾಲುದಾರನೂ ಇಲ್ಲ, ಲೆಕ್ಕದ ಪುಸ್ತಕವೂ ಇಲ್ಲ. ಆ ಮನುಷ್ಯನ ಹೆಸರು ಬರೆಯಲ್ಲ. ಚಿಕ್ಕಪ್ಪನೂ ಹೇಳೋದಿಲ್ಲ, 'ಅವನು' ಅಂತಾನೆ ಅಷ್ಟೇ. ಬಾಕಿ ತೀರಿಸೋಕೆ ಹಳ್ಳದ ಕಡೆಯ ತೋಟದ ತುಂಡು ಮಾರಬೇಕಾಯ್ತು. ಅದು ನಮ್ಮಲ್ಲೇ ಒಳ್ಳೆಯ ತೋಟವಾಗಿತ್ತು. ಈಗಲೂ ಆ ದಾರಿಯಲ್ಲಿ ಹೋಗುವಾಗ ಅಮ್ಮ ಒಂದು ನಿಟ್ಟುಸಿರು ಬಿಡ್ತಾಳೆ. ಚಿಕ್ಕಪ್ಪ ಬಿಡೋದಿಲ್ಲ.

ಇತ್ತ ಕುಳ್ಳ ಏನು ಮಾಡುತ್ತಿದ್ದ? ಚಿಕ್ಕಪ್ಪ ತೋಟ ಮಾರುವ ಹೊತ್ತಿಗೆ ಅವರು ರಜನಿಕಾಂತ್ ಅವರನ್ನ ಹಾಕಿಕೊಂಡು ತಮಿಳಿನಲ್ಲಿ 'ಅಡುತ್ತ ವಾರಿಸು' ತೆಗೆದಿದ್ದರು, 1983ರಲ್ಲಿ. ಮರುವರ್ಷ ಹಿಂದಿಯಲ್ಲಿ 'ಗಂಗ್ವಾ', ಅದರಲ್ಲೂ ರಜನಿ. 1985ರಲ್ಲಿ ಸ್ವತಃ ನಿರ್ದೇಶಕನ ಕುರ್ಚಿಯಲ್ಲಿ ಕೂತು 'ನೀ ಬರೆದ ಕಾದಂಬರಿ' ಮಾಡಿದರು. ಹಿಂದಿಯ ಕಥೆ. ಅದೇ ಕಥೆಯನ್ನ ಮರುವರ್ಷ ರಜನಿ, ಶ್ರೀದೇವಿ ಜೊತೆ ತಮಿಳಿನಲ್ಲೂ ತೆಗೆದರು. ಆಮೇಲೆ 'ಆಫ್ರಿಕಾದಲ್ಲಿ ಶೀಲಾ', 1986. ಆಫ್ರಿಕಾದ ಕಾಡಿಗೇ ಹೋಗಿ ಶೂಟಿಂಗ್, ಬಪ್ಪಿ ಲಾಹಿರಿ ಸಂಗೀತ. ನಾನು ಆ ಸಿನಿಮಾ ಎರಡು ಸಲ ನೋಡಿದ್ದೀನಿ. ಖರ್ಚು ಕಾಣುತ್ತೆ, ಕಥೆ ಕಾಣಲ್ಲ. ಸಿಂಹ ಚೆನ್ನಾಗಿದೆ.

'ಡ್ಯಾನ್ಸ್ ರಾಜಾ ಡ್ಯಾನ್ಸ್'ನಲ್ಲಿ ವಿನೋದ್ ರಾಜ್ ಬಂದರು, 1990ರ 'ಶ್ರುತಿ'ಯಿಂದ ಶ್ರುತಿ ಮನೆಮನೆಯ ಹೆಸರಾದರು. ನಡುನಡುವೆ ಇಂಥ ಗೆಲುವು. ಉಳಿದಂತೆ ಸೋಲಿನ ಮೇಲೆ ಸೋಲು. ಸಿಂಗಾಪುರಕ್ಕೆ ಕನ್ನಡ ಸಿನಿಮಾವನ್ನ ಕರ್ಕೊಂಡು ಹೋದ ಮನುಷ್ಯ ಇದ್ದ ಮನೆಗಳನ್ನ ಮಾರುತ್ತಾ ಬಂದ. ವಿಷ್ಣುವರ್ಧನ್ ಜೊತೆಗಿನ ಸ್ನೇಹವೂ ಹಳಸಿತು. ಯಾರದು ತಪ್ಪು ಅಂತ ಅವರಿಬ್ಬರ ಅಭಿಮಾನಿಗಳು ಇವತ್ತಿಗೂ ಜಗಳ ಆಡ್ತಾರೆ, ನಾನು ಆ ಕಡೆ ತಲೆ ಹಾಕಲ್ಲ. ಎತ್ತರದ ಒಬ್ಬ, ಗಿಡ್ಡದ ಒಬ್ಬ ಬೇರೆ ಬೇರೆ ನಿಂತರೆ ಇಬ್ಬರ ಅಳತೆಯೂ ಮರೆತುಹೋಗುತ್ತೆ ಅನ್ನೋದಷ್ಟೇ ನನಗೆ ಕಂಡಿದ್ದು.

ಆಮೇಲೆ 2004 ಬಂತು. ದ್ವಾರಕೀಶ್ ನಿರ್ಮಾಣದ 'ಆಪ್ತಮಿತ್ರ'. ಮೂಲ ಮಲಯಾಳಂ, 1993ರದು. ಇಲ್ಲಿ ನಿರ್ದೇಶನ ಪಿ. ವಾಸು, ಸಂಗೀತ ಗುರುಕಿರಣ್. ವಿಷ್ಣುವರ್ಧನ್ ಮತ್ತೆ ಬಂದರು, ಹೆಸರೂ ನೋಡಿ ಎಂಥದ್ದು ಇಟ್ಟರು. ಅವರ ಜೊತೆ ರಮೇಶ್ ಅರವಿಂದ್, ಸೌಂದರ್ಯ. ಸಿನಿಮಾ ತೆರೆಗೆ ಬರುವ ಮೊದಲೇ, ಏಪ್ರಿಲ್ 17ರಂದು, ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಬಿದ್ದು ಸೌಂದರ್ಯ ಹೋಗಿಬಿಟ್ಟರು. ಇಪ್ಪತ್ತು ವರ್ಷಕ್ಕೆ ಒಂದು ದಿನ ಮೊದಲು, ಅದೇ ಏಪ್ರಿಲ್‌ನಲ್ಲಿ ದ್ವಾರಕೀಶ್ ಹೋದದ್ದು. ಇದನ್ನ ಲೆಕ್ಕ ಹಾಕಿದ್ದು ನಾನಲ್ಲ, ಚಿಕ್ಕಪ್ಪ. ಅವನಿಗೆ ತಾರೀಕುಗಳು ಮರೆಯೋದಿಲ್ಲ.

ಆಗಸ್ಟ್ 27ಕ್ಕೆ ಸಿನಿಮಾ ಬಿಡುಗಡೆಯಾಯ್ತು. ಒಂದು ತಿಂಗಳು ಕಳೆದು ನಾನು ಚಿಕ್ಕಪ್ಪನನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋದೆ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಟಾಕೀಸಿನ ಮುಂದೆ ಒದ್ದೆ ಛತ್ರಿಗಳ ಸಾಲು, ಬ್ಲ್ಯಾಕ್‌ನಲ್ಲಿ ಟಿಕೆಟ್. ಒಳಗೆ ಸೌಂದರ್ಯ ಮೊದಲು ಕಾಣಿಸಿದಾಗ ಮುಂದಿನ ಸಾಲಿನವರು ಸಿಳ್ಳೆ ಹಾಕಿದರು, ಮತ್ತೆ ಅವರೇ ತಣ್ಣಗಾದರು. ಆ ಒಂದು ಗಳಿಗೆ ನನಗೆ ಇನ್ನೂ ನೆನಪಿದೆ.

ಕೊನೆಯಲ್ಲಿ ಸೌಂದರ್ಯ ನಾಗವಲ್ಲಿ ಅನ್ನೋ ದೆವ್ವವಾಗಿ 'ರಾ ರಾ' ಅಂತ ಕುಣಿಯೋಕೆ ಶುರುಮಾಡಿದರು. ಪಕ್ಕದ ಹೆಂಗಸು ಮಗುವಿನ ಕಣ್ಣು ಮುಚ್ಚಿದಳು. ನಾನು ತಿರುಗಿ ನೋಡಿದರೆ ಚಿಕ್ಕಪ್ಪ ಪರದೆಗೆ ಬೆನ್ನು ಹಾಕಿ ಕೂತಿದ್ದಾನೆ! ಬಾಲ್ಕನಿ ಕಡೆ ಕತ್ತೆತ್ತಿ ಬೆರಳು ಮಡಚ್ತಾ ಇದ್ದಾನೆ. ಸಾಲು ಎಷ್ಟು, ಸಾಲಿಗೆ ಕುರ್ಚಿ ಎಷ್ಟು, ಖಾಲಿ ಎಷ್ಟು. ಖಾಲಿ ಇರಲಿಲ್ಲ. ಗೋಡೆಗೆ ಒರಗಿ ನಿಂತವರನ್ನೂ ಎಣಿಸಿದ. ಹಿಂದಿನವರು "ಏ ಅಜ್ಜ, ಮುಂದೆ ನೋಡೋ" ಅಂತ ಗದರಿದರು.

ಹೊರಗೆ ಬಂದವನು ಸೀದಾ ಗೇಟ್‌ಕೀಪರ್ ಹತ್ತಿರ ಹೋದ.

"ಇದು ಬಾಡಿಗೆಗಾ, ಪರ್ಸೆಂಟೇಜಿಗಾ?"

"ಏನದು?"

"ಟಾಕೀಸು. ಸಿನಿಮಾದವರು ಬಾಡಿಗೆ ಕೊಟ್ಟು ಹಾಕಿದ್ದಾ, ಇಲ್ಲ ಕಲೆಕ್ಷನ್ನಿನಲ್ಲಿ ಪಾಲಾ?"

"ನೀವ್ ಯಾರ್ರೀ, ಇನ್‌ಕಮ್ ಟ್ಯಾಕ್ಸಿನೋರಾ?"

"ಅಲ್ಲಪ್ಪ, ಟೆಂಟಿನೋನು" ಅಂದ ಚಿಕ್ಕಪ್ಪ. ಇಪ್ಪತ್ತು ವರ್ಷದ ಹಿಂದೆ ಗಾಳಿಗೆ ಹಾರಿದ ಟೆಂಟು. ಗೇಟ್‌ಕೀಪರ್‌ಗೆ ಏನನ್ನಿಸಿತೋ, ಬಾಡಿಗೆಗೆ ಅಂದ, ಜನ ನಾಳೆಗೂ ಹೀಗೇ ಅಂತಾನೂ ಅಂದ.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋದ್ವಿ. ಎರಡು ಮಸಾಲೆ ದೋಸೆ ಹೇಳಿ ನಾನು ಕೈ ತೊಳೆದು ಬರೋಷ್ಟರಲ್ಲಿ ಚಿಕ್ಕಪ್ಪ ಟೇಬಲ್ ಮೇಲೆ ಬಿದ್ದಿದ್ದ ಯಾರದೋ ಬಿಲ್ಲಿನ ಹಿಂದೆ ಬರೆಯೋಕೆ ಶುರುಮಾಡಿದ್ದ. ಕುರ್ಚಿ ಇಂತಿಷ್ಟು, ದಿನಕ್ಕೆ ನಾಲ್ಕು ಆಟ, ವಾರದ ಬಾಡಿಗೆ ಕಳೆದು, ಇಂಥವು ರಾಜ್ಯದಲ್ಲಿ ಎಷ್ಟು ಟಾಕೀಸು. ದೋಸೆ ತಣ್ಣಗಾಗ್ತಿತ್ತು. ಒಂದು ಸಲ ಹೊಡೆದುಹಾಕಿ ಮತ್ತೆ ಬರೆದ. ಕೊನೆಗೆ ಪೆನ್ನು ಜೇಬಿಗೆ ಸಿಕ್ಕಿಸಿ, ಚಟ್ನಿ ಬಟ್ಟಲು ಹತ್ತಿರ ಎಳ್ಕೊಂಡ.

"ಈ ಸಲ ತೀರ್ತದೆ" ಅಂದ.

"ಯಾರದ್ದು ಚಿಕ್ಕಪ್ಪ?"

"ಕುಳ್ಳನದ್ದು ಮಾರಾಯ. ಮತ್ತೆ ನಂದಾ?"